ಯುರೋಪಿಯಂ ಮೂಲದಿಂದ ಬೀಮ್‌ವರೆಗೆ: ನ್ಯೂಟ್ರಾನ್ ಕಡಿಮೆ ಇರುವ ನ್ಯೂಕ್ಲಿಯಸ್‌ಗಳನ್ನು ಗಾಮಾ ಕಿರಣದಲ್ಲಿ ಓದುವುದು ಹೇಗೆ?

ಕಾರವಾರದಲ್ಲಿ ಯಾರಿಗಾದರೂ "ನ್ಯೂಕ್ಲಿಯರ್ ಫಿಸಿಕ್ಸ್ ಓದುತ್ತಿದ್ದೇನೆ" ಅಂದರೆ ಮುಂದಿನ ಪ್ರಶ್ನೆ ತಯಾರಾಗಿಯೇ ಇರುತ್ತದೆ: "ಹಾಗಾದರೆ ಮುಂದೆ ಕೈಗಾದಲ್ಲಿ ನೌಕರಿನಾ?" ಕಾಳಿ ನದಿಯ ದಂಡೆಯಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರುಗಳಿರುವ ಜಿಲ್ಲೆಯಲ್ಲಿ ಹಾಗೆ ಕೇಳುವುದು ಸಹಜ. ಆದರೆ ನ್ಯೂಕ್ಲಿಯಸ್ಸಿನ ಅಧ್ಯಯನ ರಿಯಾಕ್ಟರಿಗೇ ಮುಗಿಯುವುದಿಲ್ಲ. ರಿಯಾಕ್ಟರಿನಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ತುಂಡುಗಳಲ್ಲಿ ನ್ಯೂಟ್ರಾನ್ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಈ ಲೇಖನ ಅದಕ್ಕೆ ಪೂರ್ತಿ ಉಲ್ಟಾ ಇರುವ ನ್ಯೂಕ್ಲಿಯಸ್‌ಗಳದ್ದು. ನ್ಯೂಟ್ರಾನ್ ಕಡಿಮೆ ಬಿದ್ದವು. ಅವು ರಿಯಾಕ್ಟರಿನಲ್ಲಿ ಹುಟ್ಟುವುದಿಲ್ಲ, ವೇಗವರ್ಧಕದಲ್ಲಿ ಎರಡು ಸಣ್ಣ ನ್ಯೂಕ್ಲಿಯಸ್‌ಗಳನ್ನು ಢಿಕ್ಕಿ ಹೊಡೆಸಿ ಹುಟ್ಟಿಸಬೇಕು.

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿರುವವರು, ಧಾರವಾಡಕ್ಕೋ ಮತ್ತೆಲ್ಲಿಗೋ ಎಂಎಸ್ಸಿಗೆ ಹೋಗುವವರು, ಇದರಲ್ಲಿ ಸಂಶೋಧನೆ ಮಾಡಬೇಕು ಅಂತ ಮನಸ್ಸಿದ್ದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಗಟ್ಟಿ ಅಭಿಪ್ರಾಯ ಒಂದೇ. ವೇಗವರ್ಧಕ ಆಮೇಲೆ. ಒಂದು ಸಣ್ಣ ಯುರೋಪಿಯಂ-152 ಮೂಲ (ಗಾಮಾ ಬಿಡುವ ವಿಕಿರಣಶೀಲ ವಸ್ತು) ಇಟ್ಟುಕೊಂಡು, ಯಾವ ಗಾಮಾ ಯಾವ ಗಾಮಾದ ಜೊತೆ ಬರುತ್ತದೆ ಅಂತ ನೋಡಲು ಮೊದಲು ಕಲಿಯಬೇಕು. ಅದು ಬಂದರೆ ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ.

ಕಡಿಮೆ ಅಂದರೆ ಎಷ್ಟು, ಅದರಿಂದ ಏನು?

ತವರ ತಗೊಳ್ಳಿ. ಪ್ರೋಟಾನ್ 50. ಪ್ರಕೃತಿಯಲ್ಲಿ ಸಿಗುವ ಸ್ಥಿರ ತವರ 10 ಬಗೆಯದ್ದು. ಅದರಲ್ಲಿ ಎಲ್ಲಕ್ಕಿಂತ ಹಗುರ ತವರ-112, ಅಂದರೆ 62 ನ್ಯೂಟ್ರಾನ್. ಅದಕ್ಕಿಂತ ಕೆಳಗೆ ಹೋದಂತೆ ಕೊರತೆಯ ಕಡೆ ಹೋಗುತ್ತೀರಿ. 50 ಪ್ರೋಟಾನ್, 50 ನ್ಯೂಟ್ರಾನ್ ಇರುವ ತವರ-100 ಮೊದಲು ಕಂಡದ್ದು 1994ರಲ್ಲಿ, ಜರ್ಮನಿಯ ಜಿಎಸ್‌ಐ ಮತ್ತು ಫ್ರಾನ್ಸಿನ ಗಾನಿಲ್ ಪ್ರಯೋಗಾಲಯಗಳಲ್ಲಿ. ಕೈಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾತ್ರ.

ಈ ಕಡೆ ಹೋದಾಗ ನ್ಯೂಕ್ಲಿಯಸ್ಸಿನ ಸ್ವಭಾವವೇ ಬದಲಾಗುತ್ತದೆ. ಒಳ್ಳೆಯ ಉದಾಹರಣೆ ಸೀಸ-186. ಸ್ಥಿರ ಸೀಸದಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಸೀಸ-204. ಇದರಲ್ಲಿ ಅದಕ್ಕಿಂತ 18 ನ್ಯೂಟ್ರಾನ್ ಕಡಿಮೆ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪೊಲೋನಿಯಂ-190ರ ಆಲ್ಫಾ ಕ್ಷಯವನ್ನು ನೋಡಿ, ಈ ಒಂದೇ ನ್ಯೂಕ್ಲಿಯಸ್ಸಿನಲ್ಲಿ ಕೆಳಗಿನ ಮೂರು ಶಕ್ತಿ ಮಟ್ಟಗಳಿಗೆ ಮೂರು ಬೇರೆ ಆಕಾರ ಎಂದು ತೋರಿಸಿದರು. ನೆಲಮಟ್ಟ ಗುಂಡಗೆ. ಅದರ ಮೇಲೆ 532 ಮತ್ತು 650 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಇನ್ನೆರಡು, ಒಂದು ಚಪ್ಪಟೆ, ಒಂದು ಉದ್ದ. ಇಷ್ಟು ಹತ್ತಿರ ಹತ್ತಿರ ಮೂರು ಆಕಾರ! ಇಂಥದ್ದನ್ನು ಓದಿದ ಮೇಲೆ ಸುಮ್ನೆ ಕೂರಲಿಕ್ಕೆ ಆಗುವುದಿಲ್ಲ, ಅಲ್ವಾ?

ಮೊದಲ ಹೆಜ್ಜೆ: 152ರ ಮೂರು ಅಣ್ಣತಮ್ಮಂದಿರು

ಕಂಪ್ಯೂಟರ್ ತೆಗೆದು, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ನಡೆಸುವ ನ್ಯೂಡ್ಯಾಟ್ ದತ್ತಾಂಶ ನೋಡಿ. ಉಚಿತ. ಒಟ್ಟು ಕಣಗಳ ಸಂಖ್ಯೆ 152 ಇರುವ ಮೂರು ನ್ಯೂಕ್ಲಿಯಸ್ ಹುಡುಕಿ: ಸಮೇರಿಯಂ-152, ಗ್ಯಾಡೋಲಿನಿಯಂ-152, ಡಿಸ್ಪ್ರೋಸಿಯಂ-152. ನ್ಯೂಟ್ರಾನ್ ಕ್ರಮವಾಗಿ 90, 88, 86. ಪ್ರತಿಯೊಂದರಲ್ಲೂ ಮೊದಲ 2+ ಮಟ್ಟ ಮತ್ತು ಮೊದಲ 4+ ಮಟ್ಟ ಎಷ್ಟರಲ್ಲಿದೆ ಅಂತ ಬರೆದುಕೊಳ್ಳಿ (ಅಂಕಿ ಆ ಮಟ್ಟದ ಸ್ಪಿನ್, ಅಂದರೆ ತಿರುಗುವಿಕೆಯ ಅಳತೆ; + ಅಥವಾ - ಅದರ ಪ್ಯಾರಿಟಿ).

ಸಮೇರಿಯಂನಲ್ಲಿ 2+ ಇರುವುದು 122 ಕೆಇವಿಯಲ್ಲಿ, 4+ ಇರುವುದು 366.5ರಲ್ಲಿ. ಭಾಗಿಸಿದರೆ 3.01. ಗ್ಯಾಡೋಲಿನಿಯಂನಲ್ಲಿ 344 ಮತ್ತು 755, ಭಾಗಿಸಿದರೆ 2.19. ಡಿಸ್ಪ್ರೋಸಿಯಂನಲ್ಲಿ 614 ಮತ್ತು 1261, ಭಾಗಿಸಿದರೆ 2.05.

ಈ ಭಾಗಲಬ್ಧ ಬಹಳ ಮಾತಾಡುತ್ತದೆ. ಉದ್ದಕ್ಕೆ ಎಳೆದ ಆಕಾರದ ನ್ಯೂಕ್ಲಿಯಸ್ ಗಟ್ಟಿ ವಸ್ತುವಿನಂತೆ ತಿರುಗಿದರೆ 3.33 ಬರಬೇಕು. ಗುಂಡಗಿದ್ದು ಸುಮ್ಮನೆ ಕಂಪಿಸುತ್ತಿದ್ದರೆ 2 ಬರಬೇಕು. ಅಂದರೆ 152 ಕಣಗಳು ಅಷ್ಟೇ ಇದ್ದರೂ, ಎರಡೆರಡು ನ್ಯೂಟ್ರಾನ್ ಕಡಿಮೆಯಾಗಿ ಆ ಜಾಗಕ್ಕೆ ಎರಡೆರಡು ಪ್ರೋಟಾನ್ ಬಂದಂತೆ, ನ್ಯೂಟ್ರಾನ್ ಸಂಖ್ಯೆ 82ರ ತುಂಬಿದ ಕವಚದ ಕಡೆ ಸರಿಯುತ್ತದೆ, ಆಕಾರ ಗುಂಡಗಾಗುತ್ತ ಹೋಗುತ್ತದೆ. ಸಮೇರಿಯಂ ಸ್ಥಿರ. ಡಿಸ್ಪ್ರೋಸಿಯಂ-152 ಕೊರತೆಯದ್ದು, ಅದರ ಅರ್ಧಾಯುಷ್ಯ ಬರೀ 2 ಗಂಟೆ ಚಿಲ್ಲರೆ. ಪುಸ್ತಕದ ಸೂತ್ರ ಬಾಯಿಪಾಠ ಮಾಡುವ ಮೊದಲು ಈ ಆರು ಅಂಕಿಗಳನ್ನು ಕೈಯಾರೆ ಭಾಗಿಸಿ ನೋಡಿ. ಮೊದಲ ಎರಡು ನ್ಯೂಕ್ಲಿಯಸ್‌ಗಳನ್ನು ಇದೇ ಊರ ಕಡೆಯ ಪ್ರಯೋಗಾಲಯದಲ್ಲೇ ನೋಡಬಹುದು. ಯುರೋಪಿಯಂ-152 ಕ್ಷಯಿಸಿದಾಗ ಹುಟ್ಟುವುದು ಅವೇ ಎರಡು.

ಎರಡನೇ ಹೆಜ್ಜೆ: ಡಿಟೆಕ್ಟರ್ ಜೊತೆ ಪಳಗುವುದು

ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸೋಡಿಯಂ ಅಯೋಡೈಡ್ ಡಿಟೆಕ್ಟರ್. ಸೀಸಿಯಂನ 662 ಕೆಇವಿ ಪೀಕ್ ಅದರಲ್ಲಿ ಸುಮಾರು 45 ಕೆಇವಿ ಅಗಲ ಬರುತ್ತದೆ. ಶುದ್ಧ ಜರ್ಮೇನಿಯಂ ಡಿಟೆಕ್ಟರಿನಲ್ಲಿ ಕೋಬಾಲ್ಟ್‌ನ 1332 ಪೀಕ್ ಕೂಡ ಬರೀ 2 ಕೆಇವಿ ಅಗಲ. ಒತ್ತೊತ್ತಾಗಿ ಗಾಮಾಗಳಿರುವ ಕೆಲಸಕ್ಕೆ ಜರ್ಮೇನಿಯಂ ಬೇಕೇ ಬೇಕು. ಕಾಲೇಜಿನಲ್ಲಿ ಇಲ್ಲದಿದ್ದರೆ ಇರುವ ವಿಶ್ವವಿದ್ಯಾಲಯಕ್ಕೆ ಬೇಸಿಗೆ ರಜೆಯಲ್ಲಿ ಹೋಗಿ ಕಲಿಯಿರಿ.

ಜರ್ಮೇನಿಯಂ ಕೆಲಸ ಮಾಡುವುದು ದ್ರವ ಸಾರಜನಕದ ಚಳಿಯಲ್ಲಿ, 77 ಕೆಲ್ವಿನ್ ಆಸುಪಾಸು. ಪಶು ಆಸ್ಪತ್ರೆಯಲ್ಲಿ ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನಿನಲ್ಲಿ ಬಿಳಿ ಹೊಗೆ ಏಳುವುದನ್ನು ನೋಡಿರುತ್ತೀರಿ. ಅದೇ ದ್ರವ. ತುಂಬುವಾಗ ಕೈಗವಸು, ಕನ್ನಡಕ ಹಾಕಿ, ಕಿಟಕಿ ತೆರೆದಿಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆವಿಯಾದರೆ ಗಾಳಿಯ ಆಮ್ಲಜನಕ ಕಡಿಮೆಯಾಗುತ್ತದೆ. ಡಿಟೆಕ್ಟರ್ ಪೂರ್ತಿ ತಂಪಾಗುವ ಮೊದಲು ಹೈ ವೋಲ್ಟೇಜ್ ಕೊಡಲೇಬಾರದು. ಬಿಸಿಯಾದರೆ ವೋಲ್ಟೇಜ್ ತಾನೇ ಕಡಿದುಹೋಗುವ ವ್ಯವಸ್ಥೆ ಇದ್ದರೆ ಅದರ ತಂತಿ ಜೋಡಿಸಿದೆಯೋ ಇಲ್ಲವೋ ಕಣ್ಣಾರೆ ನೋಡಿ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಹೈ ವೋಲ್ಟೇಜ್ ಕನೆಕ್ಟರುಗಳಲ್ಲಿ ತೇವ ಸೇರಿದರೆ ಪೀಕ್ ಅಗಲವಾಗುತ್ತದೆ, ಕೆಲವೊಮ್ಮೆ ಚಿಟಪಟ ಸದ್ದು. ಕನೆಕ್ಟರುಗಳನ್ನು ಒಣಗಿಸಿ, ಸಿಲಿಕಾ ಜೆಲ್ ಇಡಿ, ಡಿಹ್ಯುಮಿಡಿಫೈಯರ್ ನಡೆಸಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ, ಯುಪಿಎಸ್ ಇಲ್ಲದೆ ರಾತ್ರಿ ಇಡೀ ಎಣಿಕೆಗೆ ಬಿಟ್ಟು ಹೋಗಬೇಡಿ. ಸೋಡಿಯಂ ಅಯೋಡೈಡ್ ಹರಳಂತೂ ತೇವ ಹೀರುವ ಜಾತಿಯದ್ದು, ಅದರ ಮುಚ್ಚಳ ಬಿರುಕು ಬಿಟ್ಟರೆ ಹರಳು ಹಳದಿಯಾಗಿ ಕೆಡುತ್ತದೆ.

ಈಗ ಯಾವ ಮೂಲವನ್ನೂ ಇಡದೆ ಒಂದು ರಾತ್ರಿ ಎಣಿಸಲು ಬಿಡಿ. ಬೆಳಿಗ್ಗೆ ನೋಡಿದರೆ ಎರಡು ಪೀಕ್ ಎದ್ದು ಕಾಣುತ್ತವೆ. 1461 ಕೆಇವಿ: ಗೋಡೆ, ನೆಲ, ನಮ್ಮ ಮೈಯಲ್ಲೂ ಇರುವ ಪೊಟ್ಯಾಸಿಯಂ-40. ಇನ್ನೊಂದು ದೂರದಲ್ಲಿ ಒಂಟಿಯಾಗಿ ನಿಂತ 2614.5. ಕಲ್ಲು ಮಣ್ಣಿನಲ್ಲಿರುವ ಥೋರಿಯಂ ಕ್ಷಯಿಸುತ್ತ ಕೊನೆಗೆ ಸೀಸ-208 ಆಗುತ್ತದೆ. ಆ ಸೀಸ ತನ್ನ ಮೊದಲ ಎತ್ತರದ ಮಟ್ಟವಾದ 3-ರಿಂದ ನೆಲಕ್ಕೆ ಇಳಿಯುವಾಗ ಬಿಡುವ ಗಾಮಾ ಅದು. ಆ ಮಟ್ಟಕ್ಕೆ ಮೇಲಿನ 5-ರಿಂದ ಬರುವ 583 ಕೆಇವಿ ಕೂಡ ಅದೇ ಚಿತ್ರದಲ್ಲಿ ಇದೆ, ಹುಡುಕಿ. ಪ್ರೋಟಾನ್ 82, ನ್ಯೂಟ್ರಾನ್ 126, ಎರಡೂ ಕವಚ ತುಂಬಿದ ನ್ಯೂಕ್ಲಿಯಸ್ಸಿನ ರಚನೆ ನಿಮ್ಮ ಕೋಣೆಯ ಗೋಡೆಯಿಂದಲೇ ಬರುತ್ತಿದೆ.

ಆಮೇಲೆ ಯುರೋಪಿಯಂ ಮೂಲ ಇಡಿ. ಮುದ್ರೆ ಹಾಕಿದ ಸಣ್ಣ ಮೂಲವಾದರೂ ನಿಯಮ ನಿಯಮವೇ: ಪುಸ್ತಕದಲ್ಲಿ ದಾಖಲು, ಕೆಲಸ ಮುಗಿದ ತಕ್ಷಣ ಸೀಸದ ಡಬ್ಬಕ್ಕೆ ವಾಪಸ್. ಡಿಟೆಕ್ಟರಿನಿಂದ 25 ಸೆಂಟಿಮೀಟರ್ ದೂರ ಇಡಿ. 121.8, 244.7, 344.3, 411.1, 778.9, 867.4, 964.1, 1085.8, 1112.1, 1408.0. ಈ ಪೀಕ್‌ಗಳಿಂದ ಶಕ್ತಿಯ ಅಳತೆಗೋಲನ್ನೂ, ಯಾವ ಶಕ್ತಿಯಲ್ಲಿ ಡಿಟೆಕ್ಟರ್ ಎಷ್ಟು ಹಿಡಿಯುತ್ತದೆ ಅನ್ನುವ ದಕ್ಷತೆಯ ರೇಖೆಯನ್ನೂ ಒಟ್ಟಿಗೇ ಮಾಡಬಹುದು. ಅದಕ್ಕೇ ಈ ಮೂಲ ಎಲ್ಲರಿಗೂ ಪ್ರಿಯ.

ಮೂರನೇ ಹೆಜ್ಜೆ: ಯಾರ ಜೊತೆ ಯಾರು

ಇಲ್ಲಿ ನಿಧಾನ ಮಾಡಿ. ಇಡೀ ವಿದ್ಯೆಯ ಜೀವ ಇರುವುದು ಇಲ್ಲೇ.

ಶಿರಸಿ ಜಾತ್ರೆಯ ಗರ್ದಿಯಲ್ಲಿ ಯಾರು ಯಾವ ಮನೆಯವರು ಅಂತ ಮುಖ ನೋಡಿ ಹೇಳಲಿಕ್ಕೆ ಆಗುವುದಿಲ್ಲ, ಯಾರ ಜೊತೆ ಯಾರು ಬಸ್ಸಿಂದ ಇಳಿದರು ಅಂತ ನೋಡಿದರೆ ಗೊತ್ತಾಗುತ್ತದೆ. ಗಾಮಾಗಳದ್ದೂ ಹಾಗೇ. ಎರಡು ಡಿಟೆಕ್ಟರ್ ಇಟ್ಟು, ಒಂದರಲ್ಲಿ ಒಂದು ಗಾಮಾ ಬಿದ್ದ ಹೊತ್ತಿಗೇ ಇನ್ನೊಂದರಲ್ಲಿ ಏನು ಬಿತ್ತು ಅಂತ ದಾಖಲಿಸುವುದು ಕೋಇನ್ಸಿಡೆನ್ಸ್. ಒಂದು ಪೀಕ್ ಆರಿಸಿ, ಅದರ ಜೊತೆ ಬಂದವನ್ನು ಮಾತ್ರ ತೆಗೆದು ನೋಡುವುದು ಗೇಟ್ ಹಾಕುವುದು. ಎರಡು ಜರ್ಮೇನಿಯಂ ಇಲ್ಲದಿದ್ದರೆ ಚಿಂತೆ ಬೇಡ. ಗೇಟ್ ಹಾಕಲು ಸೋಡಿಯಂ ಅಯೋಡೈಡ್, ನೋಡಲು ಜರ್ಮೇನಿಯಂ, ಇಷ್ಟಿದ್ದರೆ ಸಾಕು.

ಮೊದಲು 344ರ ಮೇಲೆ ಗೇಟ್ ಹಾಕಿ. 411 ಮತ್ತು 779 ಎದ್ದು ನಿಲ್ಲುತ್ತವೆ. ಅಷ್ಟು ದೊಡ್ಡದಾಗಿದ್ದ 1408 ಕುಸಿಯುತ್ತದೆ. ಇದು ಗ್ಯಾಡೋಲಿನಿಯಂ ಮನೆ. ಈಗ 122ರ ಮೇಲೆ ಗೇಟ್ ಹಾಕಿ. 245, 867, 964, 1112, 1408 ಬರುತ್ತವೆ, 779 ಹೋಗುತ್ತದೆ. ಇದು ಸಮೇರಿಯಂ ಮನೆ. ಒಂದೇ ಮೂಲ, ಎರಡು ನ್ಯೂಕ್ಲಿಯಸ್, ಬೇರೆ ಬೇರೆ ಆಯಿತು.

ಆದರೆ ಎರಡನೇ ಗೇಟ್‌ನಲ್ಲಿ 1086 ಎಲ್ಲಿ ಹೋಯಿತು? ಅದು ಕೂಡ ಸಮೇರಿಯಂದೇ. ಗೇಟ್ ಇಲ್ಲದಾಗ 1112ರ ಪಕ್ಕದಲ್ಲೇ ದೊಡ್ಡದಾಗಿ ನಿಂತಿತ್ತು. 964.1ಕ್ಕೆ 121.8 ಕೂಡಿಸಿ ನೋಡಿ: 1085.9. ಮೇಲೆ 1086 ಕೆಇವಿಯಲ್ಲಿ ಒಂದು ಮಟ್ಟ ಇದೆ. ಅಲ್ಲಿಂದ ಇಳಿಯಲು ಎರಡು ದಾರಿ. 964 ಬಿಟ್ಟು 122ರ ಮಟ್ಟಕ್ಕೆ ಬಂದು ಅಲ್ಲಿಂದ ನೆಲಕ್ಕೆ, ಇಲ್ಲವೇ ಒಂದೇ ಜಿಗಿತದಲ್ಲಿ ನೆಲಕ್ಕೆ. ಒಂದೇ ಜಿಗಿತಕ್ಕೆ ಹೋದವನು 122ರ ಜೊತೆ ಬರುವುದಿಲ್ಲ. ಹೀಗೆ ಬಂದದ್ದರಿಂದ ಎಷ್ಟು ತಿಳಿಯುತ್ತದೋ ಬಾರದ್ದರಿಂದಲೂ ಅಷ್ಟೇ ತಿಳಿಯುತ್ತದೆ. ನಾಳೆ ಯಾರೂ ನೋಡದ ನ್ಯೂಕ್ಲಿಯಸ್ಸಿನ ಮಟ್ಟಗಳನ್ನು ನೀವು ಕಟ್ಟುವುದು ಇದೇ ಕೂಡಿಸುವ ಲೆಕ್ಕದಿಂದ, ಇದೇ ಗೈರುಹಾಜರಿಯಿಂದ.

ಗೇಟ್‌ನಲ್ಲಿ 1086 ಚೂರು ಉಳಿದಿದ್ದರೆ ಗಾಬರಿ ಬೇಡ. 122ರ ಪೀಕ್‌ನ ಕೆಳಗೆ ಬೇರೆ ಗಾಮಾಗಳ ಕಾಂಪ್ಟನ್ ಚದುರುವಿಕೆಯ (ಹರಳಿನಲ್ಲಿ ಸ್ವಲ್ಪ ಶಕ್ತಿ ಮಾತ್ರ ಬಿಟ್ಟು ಹೊರಹೋದವುಗಳ) ಹಿನ್ನೆಲೆ ಇರುತ್ತದೆ, ಅದರ ಜೊತೆ ಬಂದವೂ ಗೇಟ್‌ನಲ್ಲಿ ನುಸುಳುತ್ತವೆ. ಪೀಕ್‌ನ ಪಕ್ಕದ ಖಾಲಿ ಜಾಗದಲ್ಲಿ ಅಷ್ಟೇ ಅಗಲದ ಇನ್ನೊಂದು ಗೇಟ್ ಹಾಕಿ ಕಳೆಯಿರಿ. ಇನ್ನು ಮೂಲವನ್ನು ಡಿಟೆಕ್ಟರಿಗೆ ಅಂಟಿಸಿ ಇಟ್ಟರೆ ಒಂದೇ ಹರಳಿನಲ್ಲಿ 964 ಮತ್ತು 122 ಒಟ್ಟಿಗೇ ಬಿದ್ದು ಸುಳ್ಳು 1086 ಹುಟ್ಟುತ್ತದೆ. 25 ಸೆಂಟಿಮೀಟರ್ ದೂರ ಇಡಿ ಅಂದದ್ದು ಅದಕ್ಕೇ.

ನಾಲ್ಕನೇ ಹೆಜ್ಜೆ: ಯಾವ ಬೀಮ್, ಯಾವ ಟಾರ್ಗೆಟ್

ಹಗುರ ನ್ಯೂಕ್ಲಿಯಸ್‌ಗಳಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಹೆಚ್ಚುಕಡಿಮೆ ಸಮ. ಭಾರದವುಗಳಿಗೆ ನ್ಯೂಟ್ರಾನ್ ಜಾಸ್ತಿ ಬೇಕು. ಹಾಗಾಗಿ ಎರಡು ಹಗುರದವು ಬೆಸೆದರೆ ಹುಟ್ಟುವುದು ತನ್ನ ತೂಕಕ್ಕೆ ಬೇಕಾದಷ್ಟು ನ್ಯೂಟ್ರಾನ್ ಇಲ್ಲದ್ದೇ. ಅದು ಕಾದಿರುತ್ತದೆ, ಇನ್ನೂ ಕೆಲವು ನ್ಯೂಟ್ರಾನ್ ಉಗುಳುತ್ತದೆ. ಕೊರತೆ ಇನ್ನಷ್ಟು ಹೆಚ್ಚುತ್ತದೆ. ಗಂಧಕ-32 ಬೀಮನ್ನು (ವೇಗವರ್ಧಕದಿಂದ ಬರುವ ಕಣಗಳ ಧಾರೆ) ತವರ-124 ಟಾರ್ಗೆಟ್ಟಿಗೆ ಹೊಡೆದರೆ ಡಿಸ್ಪ್ರೋಸಿಯಂ-156 ಆಗುತ್ತದೆ. ಡಿಸ್ಪ್ರೋಸಿಯಂನ ಸ್ಥಿರ ರೂಪಗಳಲ್ಲಿ ಎಲ್ಲಕ್ಕಿಂತ ಹಗುರ ಅದೇ. ಅದರಿಂದ 4 ನ್ಯೂಟ್ರಾನ್ ಹಾರಿಹೋದರೆ ನಮ್ಮ ಡಿಸ್ಪ್ರೋಸಿಯಂ-152. ಉಳಿದ ಶಕ್ತಿಯನ್ನೂ ತಿರುಗುವಿಕೆಯನ್ನೂ ಅದು ಗಾಮಾಗಳಾಗಿ ಬಿಡುತ್ತ ಇಳಿಯುತ್ತದೆ. ನಾವು ಹಿಡಿಯುವುದು ಅವನ್ನು.

ಯಾವ ಶಕ್ತಿಯಲ್ಲಿ ಯಾವ ಉತ್ಪನ್ನ ಎಷ್ಟು ಅಂತ ಪೇಸ್ ಅನ್ನುವ ಪ್ರೋಗ್ರಾಂ ಅಂದಾಜು ಕೊಡುತ್ತದೆ. ಲೈಸ್ ಪ್ಯಾಕೇಜಿನಲ್ಲೇ ಸಿಗುತ್ತದೆ. ತೀರಾ ಕೊರತೆಯ ಕಡೆ ಹೋದರೆ ನ್ಯೂಟ್ರಾನಿನ ಬದಲು ಪ್ರೋಟಾನ್, ಆಲ್ಫಾ ಹಾರುವುದೇ ಜಾಸ್ತಿ. ಹತ್ತಾರು ಉತ್ಪನ್ನಗಳು ಬೆರೆತು ಬೇಕಾದದ್ದು ಮುಳುಗಿಹೋಗುತ್ತದೆ. ಆಗ ಗಾಮಾ ಡಿಟೆಕ್ಟರಿನ ಜೊತೆ ಪ್ರೋಟಾನ್, ಆಲ್ಫಾ, ನ್ಯೂಟ್ರಾನ್ ಹಿಡಿಯುವ ಡಿಟೆಕ್ಟರ್ ಬೇಕು, ಇಲ್ಲವೇ ಉತ್ಪನ್ನವನ್ನೇ ತೂಕದಿಂದ ಬೇರ್ಪಡಿಸುವ ಯಂತ್ರ ಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಮೂರು ಜಾಗ. ಮುಂಬೈ ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಆವರಣದ 14 ಮಿಲಿಯನ್ ವೋಲ್ಟ್ ಪೆಲೆಟ್ರಾನ್ ವೇಗವರ್ಧಕ, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ 15 ಮಿಲಿಯನ್ ವೋಲ್ಟ್ ಪೆಲೆಟ್ರಾನ್, ಕೋಲ್ಕತಾದ ವಿಇಸಿಸಿ (ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರ) ಸೈಕ್ಲೋಟ್ರಾನ್. ದೆಹಲಿಯದ್ದು ಇರುವುದೇ ವಿಶ್ವವಿದ್ಯಾಲಯದವರಿಗಾಗಿ. ಇಂಗಾ ಎಂಬ ಗಾಮಾ ಡಿಟೆಕ್ಟರ್ ಸಮೂಹ ಈ ಮೂರು ಕಡೆಯೂ ಸರದಿಯಲ್ಲಿ ಕೆಲಸ ಮಾಡಿದೆ. ಅದರ ಒಂದೊಂದು ಕ್ಲೋವರ್ ಡಿಟೆಕ್ಟರಿನಲ್ಲೂ ನಾಲ್ಕು ಜರ್ಮೇನಿಯಂ ಹರಳು, ಸುತ್ತ, ಚದುರಿ ಹೊರಬಿದ್ದ ಗಾಮಾವನ್ನು ಗುರುತಿಸಲು, ಬಿಜಿಒ ಎಂಬ ಹರಳಿನ ಕವಚ. ಬೀಮ್ ಆರಿಸುವಾಗ ಒಂದು ಮಾತು ನೆನಪಿರಲಿ. ಪೆಲೆಟ್ರಾನ್‌ಗೆ ಮೊದಲು ಋಣ ಅಯಾನು ಬೇಕು. ನಿಯಾನ್, ಆರ್ಗಾನ್ ಅದಕ್ಕೆ ಒಪ್ಪುವುದಿಲ್ಲ. ನಿಯಾನ್ ಬೇಕಾದರೆ ಕೋಲ್ಕತಾ.

ಬೀಮ್ ಬೇಕೆಂದು ಕೇಳಿ ಬರೆಯುವ ಪ್ರಸ್ತಾವದಲ್ಲಿ ಸಮಿತಿ ಕೇಳುವುದು ಸರಳ: ಯಾವ ಪ್ರಶ್ನೆ, ಇದೇ ನ್ಯೂಕ್ಲಿಯಸ್ ಯಾಕೆ, ಎಷ್ಟು ಶಿಫ್ಟ್ ಬೀಮ್, ಅಷ್ಟರಲ್ಲಿ ಎಷ್ಟು ಎಣಿಕೆ ಬರುತ್ತದೆ. ಕೊನೆಯದಕ್ಕೆ ಲೆಕ್ಕ ಹಾಕಿ ಉತ್ತರ ಕೊಡಿ. ಮೊದಲ ಸಲ ಸ್ವಂತ ಪ್ರಸ್ತಾವ ಬೇಡ. ಬೇರೆಯವರ ಪ್ರಯೋಗಕ್ಕೆ ರಾತ್ರಿ ಶಿಫ್ಟ್ ಕಾಯಲು ಹೋಗಿ. ಕಾರವಾರದವರಿಗೆ ಮುಂಬೈ ಕೊಂಕಣ ರೈಲಿನಲ್ಲಿ ಒಂದು ರಾತ್ರಿಯ ದಾರಿ, ಈ ಅನುಕೂಲ ಬಿಡಬೇಡಿ.

ಐದನೇ ಹೆಜ್ಜೆ: ರಾಶಿಯಿಂದ ಏಣಿ ಕಟ್ಟುವುದು

ಪ್ರಯೋಗ ಮುಗಿದಾಗ ಕೈಯಲ್ಲಿ ಇರುವುದು ಯಾವ ಡಿಟೆಕ್ಟರಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಶಕ್ತಿ ಅನ್ನುವ ಉದ್ದದ ಪಟ್ಟಿ. ಅದರಿಂದ ಉದ್ದಕ್ಕೂ ಅಡ್ಡಕ್ಕೂ ಶಕ್ತಿ ಇರುವ ಮ್ಯಾಟ್ರಿಕ್ಸ್ ಮಾಡಿ, ರ್‍ಯಾಡ್‌ವೇರ್ ಪ್ರೋಗ್ರಾಂನಲ್ಲಿ ಗೇಟ್ ಹಾಕುತ್ತ ಕೂರಬೇಕು. ಯುರೋಪಿಯಂನಲ್ಲಿ ಕಲಿತದ್ದೇ, ನೂರು ಪಟ್ಟು.

ಮ್ಯಾಟ್ರಿಕ್ಸ್ ಮಾಡುವ ಮೊದಲು ಡಾಪ್ಲರ್ ಸರಿಪಡಿಸಿ. 150 ಎಂಇವಿಯ ಗಂಧಕ ಬಂದು ತವರಕ್ಕೆ ಅಂಟಿಕೊಂಡರೆ ಹುಟ್ಟಿದ ನ್ಯೂಕ್ಲಿಯಸ್ ಬೆಳಕಿನ ವೇಗದ ಶೇಕಡಾ 2ರಷ್ಟು ವೇಗದಲ್ಲಿ ಮುಂದೆ ಹಾರುತ್ತಿರುತ್ತದೆ. ಹಾರುತ್ತಲೇ ಬಿಟ್ಟ 1000 ಕೆಇವಿ ಗಾಮಾ 40 ಡಿಗ್ರಿಯ ಡಿಟೆಕ್ಟರಿನಲ್ಲಿ 1015 ಆಗಿ, 140 ಡಿಗ್ರಿಯದ್ದರಲ್ಲಿ 985 ಆಗಿ ಬೀಳುತ್ತದೆ. ಸರಿಪಡಿಸದೆ ಕೂಡಿಸಿದರೆ 2 ಕೆಇವಿ ಅಗಲದ ಪೀಕ್ 30 ಕೆಇವಿಗೆ ಹರಡಿಹೋಗುತ್ತದೆ.

ಸುಳ್ಳು ಪೀಕ್‌ಗಳ ಗುರುತು ಹಿಡಿಯಿರಿ. 511 (ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸೇರಿ ಅಳಿದಾಗ ಬರುವುದು) ಎಲ್ಲರಿಗೂ ಗೊತ್ತು. ಹೊಸಬರು ಎಡವುವುದು 596 ಮತ್ತು 691ರ ಹತ್ತಿರ. ಟಾರ್ಗೆಟ್ಟಿನಿಂದ ಹಾರಿದ ನ್ಯೂಟ್ರಾನ್‌ಗಳು ಡಿಟೆಕ್ಟರಿನ ಜರ್ಮೇನಿಯಂಗೇ ಬಡಿದು ಹುಟ್ಟಿಸಿದವು ಅವು. ಹತ್ತಿರದಿಂದ ನೋಡಿದರೆ ಎಡಗಡೆ ಕಡಿದಾಗಿ ಎದ್ದು, ಬಲಗಡೆ ಇಳಿಜಾರಾಗಿ ಎಳೆದುಕೊಂಡು ಹೋಗುವ ತ್ರಿಕೋನ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಗಾಮಾಗಳನ್ನು ಮಟ್ಟಗಳ ಏಣಿಯಾಗಿ ಜೋಡಿಸುವ ಕ್ರಮಕ್ಕೆ ತೀವ್ರತೆ ಆಧಾರ. ಕೆಳಗಿನ ಮೆಟ್ಟಿಲಿಗೆ ಮೇಲಿನ ಎಲ್ಲ ದಾರಿಗಳೂ ಬಂದು ಸೇರುವುದರಿಂದ ಕೆಳಗಿನ ಗಾಮಾ ಸಾಮಾನ್ಯವಾಗಿ ಜೋರು. ಆದರೆ ಕಡಿಮೆ ಶಕ್ತಿಯಲ್ಲಿ ಎಚ್ಚರ. ಸಮೇರಿಯಂನ 122ರಲ್ಲೇ ಅರ್ಧಕ್ಕಿಂತ ಜಾಸ್ತಿ ಸಲ ಗಾಮಾ ಬರುವುದೇ ಇಲ್ಲ, ಆ ಶಕ್ತಿ ಪರಮಾಣುವಿನ ಎಲೆಕ್ಟ್ರಾನಿಗೆ ಹೋಗುತ್ತದೆ. ಬ್ರಿಕ್ ಅನ್ನುವ ಲೆಕ್ಕದ ಪ್ರೋಗ್ರಾಂನಿಂದ ತಿದ್ದುಪಡಿ ಮಾಡಿಕೊಳ್ಳಿ. ನಡುವೆ ಹತ್ತಾರು ನ್ಯಾನೋಸೆಕೆಂಡ್ ಬದುಕುವ ಮಟ್ಟ ಇದ್ದರೆ ಅದರ ಮೇಲಿನ ಮತ್ತು ಕೆಳಗಿನ ಗಾಮಾಗಳು ಕೋಇನ್ಸಿಡೆನ್ಸ್ ಕಿಟಕಿಯಿಂದ ತಪ್ಪಿಹೋಗಬಹುದು. ಕಿಟಕಿ ಅಗಲ ಮಾಡಿಯೂ ಒಮ್ಮೆ ನೋಡಿ.

ಸ್ಪಿನ್ ಎಷ್ಟು ಬದಲಾಯಿತು ಅನ್ನುವುದನ್ನು ಬೇರೆ ಬೇರೆ ಕೋನದಲ್ಲಿ ಬಿದ್ದ ಎಣಿಕೆಯ ಅನುಪಾತ ಹೇಳುತ್ತದೆ. ಗಾಮಾ ವಿದ್ಯುತ್ ಬಗೆಯದ್ದೋ ಕಾಂತ ಬಗೆಯದ್ದೋ ಅನ್ನುವುದನ್ನು ಕ್ಲೋವರಿನ ನಾಲ್ಕು ಹರಳುಗಳ ನಡುವೆ ಅದು ಅಡ್ಡಕ್ಕೆ ಚದುರಿತೋ ಉದ್ದಕ್ಕೋ ನೋಡಿ ತಿಳಿಯಬಹುದು. ಅದಕ್ಕೆ ಎಣಿಕೆ ಬಹಳ ಬೇಕು.

ಏಣಿ ಸಿಕ್ಕಿದ ಮೇಲೆ ಏನು ನೋಡಬೇಕು?

ಮೆಟ್ಟಿಲುಗಳ ನಡುವಿನ ಅಂತರ ನೋಡಿ. ಎರ್ಬಿಯಂ-158ರಲ್ಲಿ ಕೆಳಗಿನಿಂದ ಗಾಮಾಗಳು ಹೀಗೆ ಹೋಗುತ್ತವೆ: 192, 335, 443, 523, 580, 608. ಜೋರಾಗಿ ತಿರುಗಿದಷ್ಟೂ ಗಾಮಾ ದೊಡ್ಡದು, ಸರಿ. ಮುಂದಿನದು 510, ಅದರ ಮುಂದಿನದು 473! ತಿರುಗುವ ರಭಸಕ್ಕೆ ಒಂದು ನ್ಯೂಟ್ರಾನ್ ಜೋಡಿ ಒಡೆದು, ಎರಡೂ ತಿರುಗುವ ಅಕ್ಷದ ಕಡೆ ವಾಲಿಕೊಂಡವು. ಅವೇ ಸ್ಪಿನ್ ಕೊಟ್ಟದ್ದರಿಂದ ಇಡೀ ನ್ಯೂಕ್ಲಿಯಸ್ ನಿಧಾನ ತಿರುಗಿದರೂ ಸಾಕಾಯಿತು. ಈ ಹಿಂದಕ್ಕೆ ಬಾಗುವ ನಡವಳಿಕೆ ಮೊದಲು ಕಂಡದ್ದು 1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ.

ಇನ್ನು ಡಿಸ್ಪ್ರೋಸಿಯಂ-152. ಕೆಳಗೆ ಗುಂಡಗೆ ಅಂತ ಭಾಗಿಸಿ ನೋಡಿದ್ದೀರಿ. 1986ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ ಪೀಟರ್ ಟ್ವಿನ್ ಅವರ ತಂಡ ಕ್ಯಾಲ್ಸಿಯಂ-48 ಬೀಮನ್ನು ಪಲಾಡಿಯಂ-108ಕ್ಕೆ ಹೊಡೆದು ಇದನ್ನೇ ಹುಟ್ಟಿಸಿತು. 19 ಗಾಮಾಗಳು, ಒಂದರಿಂದ ಒಂದಕ್ಕೆ ಸುಮಾರು 47 ಕೆಇವಿ ಅಂತರ, ಬೇಲಿ ಗೂಟದಂತೆ ಸಾಲಾಗಿ ನಿಂತಿದ್ದವು. ಉದ್ದ ಅಗಲದ ಎರಡು ಪಟ್ಟು ಇರುವ ಆಕಾರದಲ್ಲಿ, 60ರ ಹತ್ತಿರದ ಸ್ಪಿನ್‌ನಲ್ಲಿ ತಿರುಗುತ್ತಿರುವ ನ್ಯೂಕ್ಲಿಯಸ್ ಅದು. ಅದೇ 152 ಕಣಗಳು, ಕೆಳಗೆ ಗುಂಡಗೆ, ಮೇಲೆ ಅಷ್ಟು ಉದ್ದ.

ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಹೊಸ ಗಾಮಾ ಕಂಡಿತು ಅಂತ ಬರೆಯುವ ಮೊದಲು ಎರಡು ಕೆಲಸ ಮಾಡಿ. ಆ ನ್ಯೂಕ್ಲಿಯಸ್ಸಿನ ದತ್ತಾಂಶ ಕೊನೆಗೆ ಪರಿಷ್ಕಾರವಾದದ್ದು ಯಾವಾಗ ಅಂತ ನೋಡಿ, ಅದರ ಆಮೇಲಿನ ಪ್ರಬಂಧಗಳನ್ನು ಎಕ್ಸ್‌ಯುಎನ್‌ಡಿಎಲ್ (ಇನ್ನೂ ಪರಿಷ್ಕಾರವಾಗದ ಹೊಸ ದತ್ತಾಂಶದ) ಪಟ್ಟಿಯಲ್ಲಿ ಹುಡುಕಿ. ಅದೇ ಪ್ರಯೋಗದಲ್ಲಿ ಹುಟ್ಟಿದ ಅಕ್ಕಪಕ್ಕದ ನ್ಯೂಕ್ಲಿಯಸ್‌ಗಳಲ್ಲಿ ಅದೇ ಶಕ್ತಿಯ ಗಾಮಾ ಇದೆಯೋ ಪರೀಕ್ಷಿಸಿ. ಗೇಟ್‌ನಲ್ಲಿ ಕಂಡರೂ ಜಾಗ ಖಚಿತವಾಗದ ಗಾಮಾವನ್ನು ಚುಕ್ಕೆ ಗೆರೆಯಲ್ಲಿ ಹಾಕಿ, ಅಳತೆಯಿಂದ ಸಿಗದೆ ಊಹೆಯಿಂದ ಕೊಟ್ಟ ಸ್ಪಿನ್‌ಗೆ ಆವರಣ ಚಿಹ್ನೆ ಹಾಕಿ. ಮುಂದೆ ಅದೇ ನ್ಯೂಕ್ಲಿಯಸ್ ನೋಡುವವರು ನಿಮ್ಮ ಚಿತ್ರವನ್ನು ಇಟ್ಟುಕೊಂಡೇ ಬೀಮ್ ಕೇಳುತ್ತಾರೆ.